ಹವಾಸಾಕ್ಕ ಮಕ್ಕಳನ್ನ ಕರಕೊಂಡು ಹೋಗಬೇಕೋ, ಆಯಿ ಹತ್ರ ಬಿಡಬೇಕೋ?

ಬಾಗಲಕೋಟೆಯವರು: ಎಲ್ಲಾರಿಗೂ ನಮಸ್ಕಾರ್ರೀ. ಇಥಿಯೋಪಿಯಾದ ಹವಾಸಾದಾಗ ಸಿವಿಲ್ ಇಂಜಿನಿಯರಿಂಗ್ ಕಲಿಸೋ ಕೆಲಸ ಬಂದೈತಿ, ಎರಡು ವರ್ಷದ ಕರಾರು. ಮಗಳು ನಾಲ್ಕನೇ ಇಯತ್ತೆ, ಮಗ ಇನ್ನೂ ಬಾಲವಾಡಿ. ಅಪ್ಪ-ಅವ್ವ "ಮಕ್ಕಳನ್ನ ನಮ್ಮ ಹತ್ರ ಬಿಟ್ಟು ಹೋಗ್ರಿ" ಅಂತ ಕುಂತಾರ. ಆ ಕಡೆ ಇದ್ದವರು ಯಾರರ ಅದೀರೇನ್ರಿ?

ವಿಜಯಪುರದವರು, ಈಗ ಹವಾಸಾ: ಅದೀನ್ರಿ ತಮ್ಮಾರ. ಈ ಗುಂಪಿನಾಗ ಅಮೇರಿಕಾದವರು, ಇಂಗ್ಲೆಂಡಿನವರು ಸೆಟಲ್ ಆಗೋ ಮಾತಾಡ್ತಾರಲ್ಲ, ಆ ಲೆಕ್ಕ ಇಲ್ಲಿ ನಡಿಯಂಗಿಲ್ಲ. ಗ್ರೀನ್ ಕಾರ್ಡಿನ ಹಾದಿ ಕಾಯೋದಿಲ್ಲ, ಮನಿ ಸಾಲ ತಗಿಯೋದಿಲ್ಲ. ಕರಾರು ಮತ್ತ ಬರಕೊಟ್ರ ಇರ್ತೀವಿ, ಇಲ್ಲಾಂದ್ರ ಗಂಟು ಕಟ್ತೀವಿ. ಹಿಂಗಾಗಿ ನೀವು ಮೊದಲ ಠರಾವು ಮಾಡಬೇಕಾದ್ದು, ಮಕ್ಕಳನ್ನ ಎಷ್ಟನೇ ಇಯತ್ತೆ ತನಕ ಇಲ್ಲಿ ಇಟಗೋಬೇಕು ಅಂತ.

ನನ್ನ ಮಾತು ಕೇಳ್ತೀರಂದ್ರ ಇಬ್ಬರನ್ನೂ ಕರಕೊಂಡ ಬರ್ರಿ, ಎಂಟನೇ ಇಯತ್ತೆ ಮುಗಿಯೋದರಾಗ ಊರಿಗೆ ಹೊಂಡ್ರಿ. ಸಿಬಿಎಸ್‌ಇ ಒಳಗ ಬೋರ್ಡಿನ ನೋಂದಣಿ ಒಂಬತ್ತಕ್ಕ ಆಗತೈತಿ, ಅದು ದಾಟಿದ ಮ್ಯಾಲ ಹುಡುಗ್ರನ್ನ ನಡುವ ಸೇರಸೋದು ತ್ರಾಸು. ನಿಮ್ಮ ಮಗಳ ಲೆಕ್ಕ ಸರಿ ಕುಂಡ್ರತೈತಿ ನೋಡ್ರಿ: ಕರಾರು ಮುಗಿಯೋ ಹೊತ್ತಿಗೆ ಆಕಿ ಆರನೇ ಇಯತ್ತೆಗೆ ಬರ್ತಾಳ. ನಮ್ಮ ವಿಜಯಪುರದ ಸೈನಿಕ ಶಾಲೆ, 1963ರಿಂದ ಇರೋದು, ಆರಕ್ಕ ಪರೀಕ್ಷಾ ಬರೆಸಿ ತಗೋತಾರ. 2021-22ರಿಂದ ಹೆಣ್ಣುಮಕ್ಕಳಿಗೂ ಪ್ರವೇಶ ಐತಿ. ಒಂದು ತೊಡಕು ಮಾತ್ರ ತಲ್ಯಾಗ ಇಟಗೋರಿ. ಇಲ್ಲಿ ಸಾಲಿ ಸಪ್ಟೆಂಬರಿಗೆ ಶುರು ಆಗತೈತಿ, ಊರಾಗ ಜೂನಿಗೆ. ವಾಪಸ್ ಹೋಗೋ ವರ್ಷ ನಡುವಿನ ತಿಂಗಳ ಹ್ಯಾಂಗ ಹೊಂದಸೋದು ಅಂತ ಮೊದಲ ವಿಚಾರ ಮಾಡ್ರಿ.

ಸಾಲಿಯೊಳಗ ಹೆಸರಿನ ಬಗ್ಗೆ ಹುಷಾರ್. ಇಥಿಯೋಪಿಯಾದವರಿಗೆ ಅಡ್ಡಹೆಸರು ಇಲ್ಲ. ಕೂಸಿನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಅಷ್ಟ. ನಿಮ್ಮ ಮಗಳ ಅಡ್ಡಹೆಸರು ತಗದು ಅಜ್ಜನ ಹೆಸರು ಬರದು ಟಿಸಿ ಕೊಟ್ಟರ ಬಾಗಲಕೋಟ್ಯಾಗ ಅಫಿಡವಿಟ್ ಮಾಡಿಸ್ಕೋತ ತಿರಗತೀರಿ. ಹೆಸರು ಹಚ್ಚೋ ದಿನಾನ ಪಾಸ್‌ಪೋರ್ಟ್ ಮುಂದಿಟ್ಟು ಅದರಾಗ ಇದ್ದಂಗ ಬರಸ್ರಿ.

ಪಗಾರದ ಮಾತು ಸಣ್ಣದಾಗಿ ಮುಗಸ್ತೀನಿ. 2024ರ ಜುಲೈದಾಗ ಸರ್ಕಾರ ಇಲ್ಲಿಯ ಬಿರ್ ಅನ್ನೋ ರೊಕ್ಕದ ದರಾ ಬಜಾರಕ್ಕ ಬಿಟ್ಟಿತು. 57ರ ಆಸುಪಾಸು ಇದ್ದ ಡಾಲರ್ ಭರ್ರನ 100 ದಾಟಿತು. ಕರಾರಿನಾಗ ಪಗಾರ ಡಾಲರಿನಾಗ ಬರದಾರೋ ಬಿರ್ರಿನಾಗೋ, ಊರಿಗೆ ಎಷ್ಟು ಪಾಲು ಕಳಸಾಕ ಬಿಡ್ತಾರ, ಸಹಿ ಮಾಡೋ ಮೊದಲ ಓದ್ರಿ.

ಇನ್ನ ಖರೇ ಮಾತಿಗೆ ಬರ್ತೀನಿ. ಇಲ್ಲಿಗೆ ಬರೋ ನಮ್ಮ ದೇಶದ ಮಾಸ್ತರರು ಭಾಳ ಮಂದಿ ತಮ್ಮತಮ್ಮೊಳಗ ಉಳೀತಾರ. ಒಂದ ಕಂಪೌಂಡಿನಾಗ ಮನಿ, ಶನಿವಾರ ಇಸ್ಪೀಟು, ಐತವಾರ ಒಬ್ಬರ ಮನ್ಯಾಗ ಊಟ, ಊಟ ಆದ ಮ್ಯಾಲ ಡಾಲರಿನ ದರಾ. ವರ್ಷಗಟ್ಟಲೆ ಇದ್ದು ಇಲ್ಲಿಯ ಒಬ್ಬ ಸಹೋದ್ಯೋಗಿ ಮನ್ಯಾಗ ಕಾಲಿಡದ ಹೋದವರನ್ನ ನೋಡೀನಿ. ಅಂಥಾವರ ಮಕ್ಕಳಿಗೆ ಸಂಜೀಮುಂದ ಟಿವಿನ ಗತಿ. ಬಂದು ಹಂಗ ಇರೋದಿದ್ರ ಮಕ್ಕಳನ್ನ ಆಯಿ ಹತ್ರ ಬಿಡೋದ ಛಲೋ, ಅಲ್ಲೆ ಓಣ್ಯಾಗ ನಾಕು ಹುಡುಗ್ರರ ಸಿಗತಾರ.

ಇಲ್ಲಿಯ ಮಂದಿಗೆ ನಾವು ಹೊಸಬರಲ್ಲ. ಹೈಲೆ ಸೆಲಾಸಿ ರಾಜನ ಕಾಲದಿಂದ ಭಾರತದ ಮಾಸ್ತರರು ಇಲ್ಲಿ ಸಾಲಿ ಕಲಿಸ್ಯಾರ. ಬಜಾರದಾಗ ತಲಿ ಬೆಳ್ಳಗಾದ ಅಜ್ಜಾರು ತಡದು ನಿಲ್ಲಿಸಿ, "ನನಗ ಗಣಿತ ಕಲಿಸಿದವರು ನಿಮ್ಮವರು" ಅಂತಾರ. ಹಿಂದಿನವರು ಇಟ್ಟು ಹೋದ ಅಸಲಿನ ಮ್ಯಾಲ ನಾವು ಬಡ್ಡಿ ತಿಂತೀವಿ ಅನ್ರಿ.

ಆದ್ರ ಗೆಳೆತನ ಆಗೋದು ಕಾಫಿ ಮುಂದ ಕುಂತಾಗ. ನೆಲಕ್ಕ ಹಸಿ ಹುಲ್ಲು ಹಾಸಿ, ಲೋಬಾನ ಹಚ್ಚಿ, ಬೀಜಾ ನಿಮ್ಮ ಕಣ್ಣ ಮುಂದ ಹುರಿತಾರ. ಮಣ್ಣಿನ ಜೆಬೆನಾದಾಗ ಕಾಸಿ ಮೂರು ಸುತ್ತು ಕೊಡ್ತಾರ. ಮೊದಲನೇದು ಅಬೋಲ್, ಆಮ್ಯಾಲ ತೊನಾ, ಕಡೀಕ ಬೆರೆಕಾ. ಮೊದಲನೇದು ಕುಡದು ಎದ್ದು ಬಂದ್ರ ಮರ್ಯಾದಿ ಇರಂಗಿಲ್ಲ. ಜೋಡಿ ಒಂದು ಬುಟ್ಟಿ ಅರಳು. ನಮ್ಮ ಪಂಚಮಿ ಅರಳು ನೆನಪಾಗಿ ನನ್ನ ಮಗಳು ಮೊದಲ ಆ ಬುಟ್ಟಿಗೆ ಕೈ ಹಾಕ್ತಾಳ. ವಿಭಾಗದ ಮೀಟಿಂಗಿನಾಗ ತುಟಿ ಬಿಚ್ಚದವರು ಎರಡನೇ ಸುತ್ತಿಗೆ ಮನಿ ಕಥಿ ಎಲ್ಲಾ ಹೇಳ್ತಾರ. ಟೈಮ್ ಇಲ್ಲ ಅನ್ನೋ ಮಾಸ್ತರಗ ಇಲ್ಲಿ ಗೆಳೆಯರೂ ಇಲ್ಲ.

ಟೈಮ್ ಅಂದಮ್ಯಾಲ ಇದೊಂದು ಹೇಳಬೇಕು. ಇವರ ಗಡಿಯಾರ ಸೂರ್ಯ ಹುಟ್ಟಿದಾಗಿಂದ ಎಣಸತೈತಿ, ಮುಂಜಾನೆ ಏಳಕ್ಕ ಇವರಿಗೆ ಒಂದು ಗಂಟೆ. "ನಾಳೆ ಮೂರಕ್ಕ ಬಾ" ಅಂದ್ರ ವಿದ್ಯಾರ್ಥಿ ಒಂಬತ್ತಕ್ಕ ಬಾಗಿಲಾಗ ನಿಂತಿರ್ತಾನ. ವರ್ಷಕ್ಕ ಹದಿಮೂರು ತಿಂಗಳು, ಹೊಸ ವರ್ಷ ಸಪ್ಟೆಂಬರ್ 11ಕ್ಕ. ಇಸವಿ ನಮ್ಮದಕ್ಕಿಂತ ಏಳೆಂಟು ಹಿಂದ. "ನಿಮ್ಮ ವಯಸ್ಸು ಕಡಿಮಿ ಆತು" ಅಂತ ನಮ್ಮ ಮನಿಯವರು ಎಲ್ಲಾರಿಗೂ ಹೇಳ್ಕೋತ ಅಡ್ಡಾಡ್ತಾರ.

ಇಲ್ಲಿ ಇಕುಬ್ ಅಂತ ಮಾಡ್ತಾರ, ನಮ್ಮ ಕಡೆ ಭಿಶಿ ಅಂತೀವಲ್ಲ, ಅದ. ತಿಂಗಳಾ ಎಲ್ಲಾರೂ ರೊಕ್ಕಾ ಹಾಕಿ, ಚೀಟಿ ಎತ್ತಿ, ಒಬ್ಬರಿಗೆ ಕೊಡೋದು. ಕರಾರು ಮುರದು ಯಾವತ್ತರ ವಿಮಾನ ಹತ್ತೋ ಪರದೇಶದವರನ್ನ ಅದರಾಗ ಸೇರಿಸ್ಕೊಳ್ಳೋದು ಅಂದ್ರ ಸಣ್ಣ ಮಾತಲ್ಲ. ಮೊದಲ ಚೀಟಿ ನನ್ನ ಹೆಸರಿಗೆ ಬಂದಿದ್ರ ಉಳದದ್ದು ಕೊಡದ ಓಡಿ ಹೋಗಬಹುದಿತ್ತು ನಾನು. ವಿಭಾಗದ ಹೆಣ್ಣುಮಕ್ಕಳು ತಾವಾಗೇ ಬಂದು "ನೀವೂ ಸೇರ್ರಿ" ಅಂದ್ರು. ಪಗಾರ ಹೆಚ್ಚಾದಾಗಲೂ ನನಗ ಅಷ್ಟು ಖುಷಿ ಆಗಿದ್ದಿಲ್ಲ.

ಇದ್ದಿರ್ ಅಂತ ಇನ್ನೊಂದೈತಿ. ಓಣಿಯವರು ತಿಂಗಳಾ ವರ್ಗಣಿ ಹಾಕಿ ಸಾವಿನ ಮನಿಗೆ ಟೆಂಟು, ಬೆಂಚು, ಅಡಗಿ ಎಲ್ಲಾ ನೋಡ್ಕೋತಾರ. ನಮ್ಮ ಮಾವನವರು ಮುದ್ದೇಬಿಹಾಳದಾಗ ತೀರಿಕೊಂಡಾಗ ಮಣ್ಣಿಗೆ ಹೋಗಿ ಮುಟ್ಟಾಕ ಆಗಲಿಲ್ಲ. ಇಲ್ಲಿಂದ ಆಡಿಸ್ ಅಬಾಬಾಕ್ಕ ಸುಮಾರು 275 ಕಿಲೋಮೀಟರ್, ಅಲ್ಲಿಂದ ಮುಂಬೈ, ಸೊಲ್ಲಾಪುರ, ಆಮ್ಯಾಲ ಊರು. ಮನಿಯವರು ಗ್ವಾಡಿಗೆ ಆನಿಕೊಂಡು ಕುಂತಿದ್ರು. ಸಂಜಿಗೆ ಓಣಿ ಮಂದಿ ಬೆಂಚು ಹೊತ್ತು ಬಂದ್ರು. ನಾವು ವರ್ಗಣಿ ಹಾಕಿದವರಲ್ಲ, ಹೆಣಾ ಇಲ್ಲಿಲ್ಲ, ಆದ್ರೂ ಬಂದು ಸುಮ್ಮನ ಕುಂತ್ರು. ಅಡಗಿ ತಂದವರು ಹಾಲು, ತತ್ತಿ, ಮಾಂಸ ಯಾವುದೂ ಇಲ್ಲದ್ದು ತಂದಿದ್ರು. ಬುಧವಾರ, ಶುಕ್ರವಾರ ಉಪವಾಸದ ಅಡಗಿ ಮಾಡೋ ರೂಢಿ ಇವರಿಗೆ ಇದ್ದ ಐತಿ, ನಾವು ಮಾಂಸ ತಿನ್ನಂಗಿಲ್ಲ ಅನ್ನೋದೂ ಗೊತ್ತಿತ್ತು. ನನ್ನ ಮಗ ಆಡಾಕ ಹೋಗೋ ಮನಿಯವರ ಇದನ್ನೆಲ್ಲಾ ಮುಂದ ನಿಂತು ನಡಿಸಿದ್ರು.

ಬೆಳಗಾವಿಯವರು, ಮಸ್ಕತ್: ಅಕ್ಕಾ, ಎಲ್ಲ ಖರೆ, ಆದ್ರ ಕನ್ನಡದ್ದು ಏನ್ರಿ? ನಮ್ಮಲ್ಲಿ ಸಂಘ ಐತಿ, ರಾಜ್ಯೋತ್ಸವ ಆಗತೈತಿ, ಆದ್ರೂ ಮಕ್ಕಳು ನಾವು ಕನ್ನಡದಾಗ ಕೇಳಿದ್ರ ಇಂಗ್ಲಿಷಿನಾಗ ಉತ್ತರಾ ಕೊಡ್ತಾರ. ನಿಮ್ಮಲ್ಲಿ ಸಂಘಾನೂ ಇಲ್ಲ.

ವಿಜಯಪುರದವರು: ಸಂಘ ಇಲ್ಲ ಅಕ್ಕಾರ, ಹಾಡಾಕ ಸ್ಟೇಜೂ ಇಲ್ಲ. ಮನ್ಯಾಗ ಕನ್ನಡ ಬಿಟ್ಟರ ಬ್ಯಾರೆ ಆಡಂಗಿಲ್ಲ. ಊರು ನಮಗಿಂತ ಎರಡೂವರೆ ತಾಸು ಮುಂದ ಐತಿ, ಇಲ್ಲಿ ಸಂಜಿ ಆರಾದ್ರ ಅಲ್ಲಿ ಎಂಟೂವರೆ, ಆಯಿ ಊಟಾ ಮುಗಿಸಿ ಫೋನ್ ಹಿಡಕೊಂಡು ಕುಂತಿರ್ತಾರ. ಆಯಿಗೆ ಇಂಗ್ಲಿಷ್ ಬರಂಗಿಲ್ಲ, ಅದ ನಮ್ಮ ಪುಣ್ಯ. ಸಾಲಿ ಸೂಟಿ ಜುಲೈ-ಆಗಸ್ಟ್, ಮಳಿಗಾಲಕ್ಕ. ಪಂಚಮಿ ಹೊತ್ತಿಗೆ ಸರಿಯಾಗಿ ಊರಾಗ ಇರ್ತೀವಿ. ಅಕ್ಷರದ ಕಷ್ಟಾನೂ ನೀವು ಅಂದುಕೊಂಡಷ್ಟಿಲ್ಲ. ಅಮ್ಹಾರಿಕ್ ಲಿಪಿಯೊಳಗೂ ಒಂದೊಂದು ಅಕ್ಷರಕ್ಕ ಸ್ವರ ಕೂಡಿ ಏಳು ರೂಪ ಆಗತಾವ. ಕಾಗುಣಿತ ಬಂದ ಕೂಸಿಗೆ ಅದು ಲಗೂನ ತಿಳೀತು. ಹುಡುಗ್ರು ಮಸ್ಕತ್ತಿನಾಗ ಇಂಗ್ಲಿಷಿಗೆ ಹೊಳ್ಳೋದು ಯಾಕಂದ್ರ, ಗೆಳೆಯರ ಜೋಡಿನೂ ಅದ, ಸಾಲಿಯೊಳಗೂ ಅದ. ಇಲ್ಲಿ ಗೆಳೆಯರ ಜೋಡಿ ಅಮ್ಹಾರಿಕ್, ಸಾಲಿಯೊಳಗ ಇಂಗ್ಲಿಷ್. ಮನಿಗೆ ಕನ್ನಡ ಉಳೀತು.

ತ್ರಾಸು ಇಲ್ಲ ಅಂತ ಹೇಳಂಗಿಲ್ಲ. ಮಲೇರಿಯಾ ಐತಿ, ಸೊಳ್ಳಿಪರದಿ ಇಲ್ಲದ ಮಲಗಬ್ಯಾಡ್ರಿ. ದೊಡ್ಡ ಜಡ್ಡು ಬಂದ್ರ ಆಡಿಸ್ ಅಬಾಬಾಕ್ಕ ಹೋಗಬೇಕು. ಎಲ್ಲಾಕ್ಕಿಂತ ದೊಡ್ಡ ತ್ರಾಸು ಜೋಡಿ ಬರೋ ಗಂಡಂದೋ ಹೆಣತೀದೋ. ನಮ್ಮ ಮನಿಯವರಿಗೆ ಕೆಲಸದ ಪರವಾನಗಿ ಇದ್ದಿಲ್ಲ. ಊರಾಗ ಬ್ಯಾಂಕಿನ ಕೆಲಸ ಬಿಟ್ಟು ಬಂದವರು, ಮುಂಜಾನೆ ಎಲ್ಲಾರೂ ಹೊರಗ ಹೋದಮ್ಯಾಲ ಒಬ್ಬರ ಕುಂಡ್ರತಿದ್ರು. ಮನ್ಯಾಗ ಜಗಳಾ ಆಗ್ಯಾವ, ಸುಳ್ಳ್ಯಾಕ ಹೇಳಲಿ. ಆಮ್ಯಾಲ ಓಣಿ ಹುಡುಗ್ರಿಗೆ ಕ್ರಿಕೆಟ್ ಕಲಸ್ತೀನಿ ಅಂತ ಹೋದ್ರು, ಆ ಹುಡುಗ್ರು ಇವರಿಗೆ ಫುಟ್‌ಬಾಲ್ ಕಲಿಸಿ ಕಳಿಸಿದ್ರು. ಈಗ ನನಗಿಂತ ಅವರಿಗೆ ಗುರುತಿನವರು ಹೆಚ್ಚು. ತಮ್ಮಾರ, ನಿಮ್ಮ ಮನಿಯವರು ಏನ ಅಂತಾರ ಅನ್ನೋದು ನಿಮ್ಮ ಪ್ರಶ್ನ್ಯಾಗ ಬರಲೇ ಇಲ್ಲ. ಅದನ್ನ ಕೇಳಿ ಬರೀರಿ.

ಬಾಗಲಕೋಟೆಯವರು: ಆಕಿ ಪಕ್ಕದಾಗ ಕುಂತು ಎಲ್ಲಾ ಓದಾಕತ್ತಾಳ್ರಿ ಅಕ್ಕಾ. ಗುರೆಳ್ಳು, ಜ್ವಾಳಾ ಏನೇನ ಕಟಗೊಂಡು ಬರಬೇಕು ಅಂತ ಕೇಳಾಕತ್ತಾಳ.

ವಿಜಯಪುರದವರು: ಹಂಗಾದ್ರ ಬರ್ತೀರಿ ಅಂತಾತು! ತಂಗೀ, ಗುರೆಳ್ಳು ಹೊರಬ್ಯಾಡ್ರಿ. ಅದು ಹುಟ್ಟಿದ್ದ ಈ ನಾಡಿನಾಗ, ನೂಗ್ ಅಂತಾರ, ಬಜಾರದಾಗ ಚೀಲಗಟ್ಟಲೆ ಸಿಗತೈತಿ. ಜ್ವಾಳಾನೂ ಸಿಗತೈತಿ, ಆದ್ರ ನಮ್ಮ ಮಾಲದಂಡಿ ಜಿಗಿ ಅದಕ್ಕ ಇಲ್ಲ, ರೊಟ್ಟಿ ಬಡಿಯೋ ಮುಂದ ಹರೀತಾವ. ಕುದಿಯೋ ನೀರಾಗ ಹಿಟ್ಟು ನಾದಿದ್ರ ತಡೀತಾವ. ಕಡ್ಲಿಹಿಟ್ಟಿನ ಶಿರೊ ಅಂತ ಮಾಡ್ತಾರ, ಝುಣಕದ ಆಸೆ ಅದರಾಗ ತೀರಿಸ್ಕೋಬಹುದು. ನೀವು ತರಬೇಕಾದ್ದು ಹುಣಸಿಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಮತ್ತ ಕುಕ್ಕರಿನ ರಬ್ಬರು. ರಬ್ಬರು ನಾಕು ಹೆಚ್ಚಿಗಿ ತರ್ರಿ, ನನಗ ಎರಡು ಬೇಕು. ಐದು ಲೀಟರಿನ ಕುಕ್ಕರ್.