ವಿಂಡೋಸ್ 11ಕ್ಕೆ ಏರಿಸಿದ ಮೇಲೆ ಸಿಎಚ್340 ಬೋರ್ಡ್: ಪೋರ್ಟ್ ಕಾಣುತ್ತದೆ, ಅಪ್‌ಲೋಡ್ ಆಗುವುದಿಲ್ಲ

ಪ್ರಶ್ನೆ

ನಮಸ್ಕಾರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಹಾಗಾಗಿ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಿದ್ದೇನೆ. ಅಲ್ಲಿಂದ ಆರ್ಡುಯಿನೊ ಊನೊ ಮಾದರಿಯ ಕ್ಲೋನ್ ಬೋರ್ಡ್‌ಗೆ ಸ್ಕೆಚ್ (ಪ್ರೋಗ್ರಾಂ) ಹೋಗುತ್ತಿಲ್ಲ. ಅದರಲ್ಲಿ ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಸಿಎಚ್340 ಚಿಪ್ ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಯುಎಸ್‌ಬಿ-ಸೀರಿಯಲ್ ಸಿಎಚ್340, ಕಾಮ್5’ ಎಂದು ಸರಿಯಾಗಿಯೇ ಬರುತ್ತದೆ, ಹಳದಿ ಗುರುತೂ ಇಲ್ಲ. ಅಪ್‌ಲೋಡ್ ಒತ್ತಿದರೆ ‘ಕಾಂಟ್ ಸೆಟ್ ಕಾಮ್-ಸ್ಟೇಟ್’ ಎಂಬ ಎರರ್. ಡ್ರೈವರ್ ಆವೃತ್ತಿ 3.8.2023.2. ಕೇಬಲ್ ಬದಲಿಸಿ ನೋಡಿದ್ದಾಯಿತು.

ಇದಲ್ಲದೆ ಒಂದು ನ್ಯಾನೊ ಬೋರ್ಡ್, ಒಂದು ಲಿಯೊನಾರ್ಡೊ ಬೋರ್ಡ್, ಹಳೆಯ ಪಿಎಲ್2303 ಸೀರಿಯಲ್ ಕೇಬಲ್, ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಇವೆ. ಒಂದು ಲ್ಯಾಪ್‌ಟಾಪ್ ಉಬುಂಟು 20.04ರಿಂದ 22.04ಕ್ಕೆ ಹೋಗಬೇಕು. ಯಾವುದಕ್ಕೆ ಏನು ನೋಡಿಕೊಳ್ಳಬೇಕು?

ಉತ್ತರ 1

ಬೋರ್ಡ್ ಕೆಟ್ಟಿಲ್ಲ, ಡ್ರೈವರಿನದೇ ತೊಂದರೆ. 3.8.2023.2 ಆವೃತ್ತಿ ಕೆಲವು ಸಿಎಚ್340 ಚಿಪ್‌ಗಳ ಜೊತೆ, ಮುಖ್ಯವಾಗಿ ನಕಲಿ ಚಿಪ್‌ಗಳ ಜೊತೆ, ಹೀಗೆಯೇ ಆಡುತ್ತದೆ: ಪೋರ್ಟ್ ಕಾಣುತ್ತದೆ, ಆದರೆ ತೆರೆದು ಬಾಡ್ ರೇಟ್ (ದತ್ತಾಂಶ ಹರಿಯುವ ವೇಗ) ಹೊಂದಿಸಲು ಹೋದಾಗ ಕೈಕೊಡುತ್ತದೆ. ಎಲ್ಲ ಸಿಎಚ್340ಗಳಿಗೂ ಹೀಗಾಗುವುದಿಲ್ಲ. ಆದ್ದರಿಂದ ಪಕ್ಕದವರ ಬೋರ್ಡ್ ಅದೇ ಆವೃತ್ತಿಯಲ್ಲಿ ಓಡುತ್ತಿದ್ದರೂ ಗೊಂದಲ ಬೇಡ. 3.5.2019.1ಕ್ಕೆ ಹಿಂದಿರುಗಿ.

ಮೊದಲು ಸುಲಭದ ದಾರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಮೇಲೆ ಬಲ ಕ್ಲಿಕ್ ಮಾಡಿ ‘ಅಪ್‌ಡೇಟ್ ಡ್ರೈವರ್’ ಒತ್ತಿ. ಕಂಪ್ಯೂಟರಿನಲ್ಲೇ ಹುಡುಕುವ ಆಯ್ಕೆ ಹಿಡಿದು, ಅದರೊಳಗೆ ಲಭ್ಯವಿರುವ ಡ್ರೈವರ್‌ಗಳ ಪಟ್ಟಿಯಿಂದ ಆರಿಸುವ ಆಯ್ಕೆಗೆ ಹೋಗಿ. ಹಳೆಯ ವಿಂಡೋಸ್‌ನಿಂದ ಉಳಿದುಬಂದ 2019ರ ಆವೃತ್ತಿ ಅಲ್ಲೇ ಇದ್ದರೆ ಅದನ್ನು ಆರಿಸಿ, ಬೋರ್ಡ್ ಕಿತ್ತು ಮತ್ತೆ ಚುಚ್ಚಿ. ಇಲ್ಲದಿದ್ದರೆ ಆ ಆವೃತ್ತಿಯ ಇನ್‌ಸ್ಟಾಲರ್ ತಂದು ಹಾಕಬೇಕು.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಎರಡು ದಿನ ಬಿಟ್ಟು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದಾಗ ಅದೇ ಎರರ್ ಮತ್ತೆ ಬರುತ್ತದೆ. ಕಾರಣ ಇಷ್ಟೆ: ಸಿಎಚ್340ಜಿ ಚಿಪ್‌ಗೆ ತನ್ನದೇ ಆದ ಸೀರಿಯಲ್ ನಂಬರ್ ಇಲ್ಲ. ಹಾಗಾಗಿ ಕಿಂಡಿ ಬದಲಾದ ಕೂಡಲೇ ವಿಂಡೋಸ್ ಅದನ್ನು ಹೊಸ ಸಾಧನ ಎಂದುಕೊಂಡು ಹೊಸ ಕಾಮ್ ಸಂಖ್ಯೆ ಕೊಡುತ್ತದೆ, ಡ್ರೈವರ್ ಸ್ಟೋರ್‌ನಲ್ಲಿ (ವಿಂಡೋಸ್ ಡ್ರೈವರ್‌ಗಳನ್ನು ಇಟ್ಟುಕೊಳ್ಳುವ ಜಾಗ) ಹೊಸ ತಾರೀಖು ಇರುವ 3.8 ಅನ್ನೇ ಮತ್ತೆ ಕಟ್ಟುತ್ತದೆ. ಆ ಪ್ಯಾಕೇಜನ್ನು ಸ್ಟೋರ್‌ನಿಂದಲೇ ತೆಗೆಯಬೇಕು.

ನೆಟ್ ಕಡಿದುಕೊಂಡು, ಬೋರ್ಡ್ ಚುಚ್ಚಿಟ್ಟುಕೊಂಡೇ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಜೊತೆಗೆ ಬರುವ ಡ್ರೈವರ್ ತೆಗೆದುಹಾಕುವ ಚೌಕಕ್ಕೂ ಟಿಕ್ ಹಾಕಿ. ಕಿತ್ತು ಮತ್ತೆ ಚುಚ್ಚಿ ಆವೃತ್ತಿ ನೋಡಿ. ಇನ್ನೂ 3.8 ತೋರಿಸಿದರೆ ಇದನ್ನೇ ಮತ್ತೆ ಮಾಡಿ. ಆಮೇಲೆ 3.5 ಹಾಕಿ. ಕಂಟ್ರೋಲ್ ಪ್ಯಾನೆಲ್‌ನ ‘ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್’ನಲ್ಲಿ ‘ನೋ’ ಇಟ್ಟ ಮೇಲೆಯೇ ನೆಟ್ ಜೋಡಿಸಿ, ಇಲ್ಲವಾದರೆ ವಿಂಡೋಸ್ ಅಪ್‌ಡೇಟ್ 3.8 ಅನ್ನು ಮತ್ತೆ ತಂದು ಕೂರಿಸುತ್ತದೆ.

ಊನೊ ಸರಿಹೋಯಿತೋ ಇಲ್ಲವೋ ಖಚಿತ ಮಾಡಿಕೊಳ್ಳಲು ಸ್ಕೆಚ್ ಬೇಕಿಲ್ಲ. ರೀಸೆಟ್ ಪಿನ್ನಿಂದ ಗ್ರೌಂಡ್‌ಗೆ ಒಂದು ಜಂಪರ್ ವೈರ್, 0 ಮತ್ತು 1ನೇ ಪಿನ್‌ಗಳ ನಡುವೆ ಇನ್ನೊಂದು ಹಾಕಿ. ಆರ್ಡುಯಿನೊ ಐಡಿಇಯಲ್ಲಿ (ಸ್ಕೆಚ್ ಬರೆದು ಕಳಿಸುವ ತಂತ್ರಾಂಶ) ಸೀರಿಯಲ್ ಮಾನಿಟರ್ ತೆರೆದು ಏನಾದರೂ ಟೈಪ್ ಮಾಡಿ ಕಳಿಸಿ. ಅದೇ ಅಕ್ಷರಗಳು ವಾಪಸ್ ಬಂದರೆ ಕೇಬಲ್, ಡ್ರೈವರ್, ಸಿಎಚ್340 ಮೂರೂ ಸರಿಯಿವೆ. ಅಪ್‌ಲೋಡ್‌ಗೆ ಮುಂಚೆ ಎರಡೂ ವೈರ್ ಕಿತ್ತುಬಿಡಿ.

ಉತ್ತರ 2

ಉಳಿದ ಸಾಮಾನುಗಳ ಬಗ್ಗೆ ಹೇಳುತ್ತೇನೆ. ಬೋರ್ಡಿನ ಹೆಸರು ನೋಡಿ ಡ್ರೈವರ್ ಹುಡುಕಬೇಡಿ, ಯುಎಸ್‌ಬಿ ಐಡಿ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್‌ಗೆ ಹೋದರೆ ಸಿಗುತ್ತದೆ. 1ಎ86 ಮತ್ತು 7523 ಇದ್ದರೆ ಸಿಎಚ್340. 10ಸಿ4 ಮತ್ತು ಇಎ60 ಇದ್ದರೆ ಸಿಪಿ2102 ಮನೆತನದ್ದು. 0403 ಮತ್ತು 6001 ಇದ್ದರೆ ಎಫ್‌ಟಿ232ಆರ್. ಒಂದೇ ‘ನ್ಯಾನೊ’ ಹೆಸರಿನಲ್ಲಿ ಸಿಎಚ್340 ಇರುವುದೂ ಎಫ್‌ಟಿ232 ಇರುವುದೂ ಸಿಗುತ್ತವೆ.

ಲಿಯೊನಾರ್ಡೊ ಬಗ್ಗೆ ಚಿಂತೆ ಬೇಡ. ಅದರ ಮುಖ್ಯ ಚಿಪ್ ಎಟಿಮೆಗಾ32ಯು4 ತಾನೇ ಯುಎಸ್‌ಬಿ ಮಾತಾಡುತ್ತದೆ, ವಿಂಡೋಸ್ 10ರಿಂದ ಈಚೆಗೆ ಅದಕ್ಕೆ ಬೇಕಾದ ಸಿಡಿಸಿ (ಯುಎಸ್‌ಬಿ ಸೀರಿಯಲ್) ಡ್ರೈವರ್ ಒಳಗೇ ಇದೆ. ಆದರೆ ಅದರ ಬೂಟ್‌ಲೋಡರ್‌ಗೆ (ಹೊಸ ಸ್ಕೆಚ್ ಬರಮಾಡಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಬೇರೆ ಐಡಿ: ಸ್ಕೆಚ್ ಓಡುವಾಗ 8036, ಬೂಟ್‌ಲೋಡರ್‌ನಲ್ಲಿ 0036. ರೀಸೆಟ್ ಆದಾಗ ಸುಮಾರು 8 ಸೆಕೆಂಡ್ ಬೇರೆ ಕಾಮ್ ಸಂಖ್ಯೆ ಕಂಡು ಮಾಯವಾಗುತ್ತದೆ. ಅದನ್ನು ದೋಷ ಅಂದುಕೊಳ್ಳಬೇಡಿ.

ಪಿಎಲ್2303 ಕೇಬಲ್ ಹಳೆಯ ಎಚ್‌ಎಕ್ಸ್‌ಎ ಚಿಪ್‌ನದಾಗಿದ್ದರೆ ಹೊಸ ಡ್ರೈವರ್ ಅದನ್ನು ಬೇಕೆಂದೇ ನಿರಾಕರಿಸುತ್ತದೆ. ಸಾಧನದ ಹೆಸರಿನ ಜಾಗದಲ್ಲೇ ‘2012ರಿಂದ ಕೈಬಿಡಲಾಗಿದೆ, ಮಾರಿದವರನ್ನು ಕೇಳಿ’ ಎಂಬರ್ಥದ ಸಾಲು ಬರುತ್ತದೆ. ಹಳೆಯ ಡ್ರೈವರ್ ಹಾಕಿ ಓಡಿಸಬಹುದು. ಆದರೆ ಹಳೆಯ ಡ್ರೈವರ್‌ಗಳನ್ನು ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ತಡೆಯುವುದುಂಟು, ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 39 ಬರುತ್ತದೆ. ಒಂದು ಕೇಬಲ್‌ಗಾಗಿ ಇಡೀ ಯಂತ್ರದ ರಕ್ಷಣೆ ಆರಿಸುವುದು ಸರಿಯಲ್ಲ, ಕೇಬಲ್ ಬದಲಿಸಿ.

ಯುಎಸ್‌ಬಿಎಎಸ್‌ಪಿ ಕಾಮ್ ಪೋರ್ಟ್ ಆಗಿ ಬರುವುದೇ ಇಲ್ಲ. ಅದಕ್ಕೆ ಜಾಡಿಗ್ ತಂತ್ರಾಂಶದಿಂದ ಲಿಬ್‌ಯುಎಸ್‌ಬಿ ಡ್ರೈವರ್ ಕಟ್ಟಬೇಕು. ಇಲ್ಲಿ ದಯವಿಟ್ಟು ಎಚ್ಚರ: ಪಟ್ಟಿಯಲ್ಲಿ 16ಸಿ0 ಮತ್ತು 05ಡಿಸಿ ಇರುವುದನ್ನೇ ಆರಿಸಿ. ತಪ್ಪಿ ಸಿಎಚ್340ಗೆ ಹಾಕಿದರೆ ಅದರ ಸೀರಿಯಲ್ ಡ್ರೈವರ್ ಹೋಗಿ ಕಾಮ್ ಪೋರ್ಟೇ ಕಾಣೆಯಾಗುತ್ತದೆ.

ಕೋಡ್ 28 ಅಂದರೆ ಡ್ರೈವರೇ ಇಲ್ಲ, ಕೋಡ್ 52 ಅಂದರೆ ಸಹಿ ಒಪ್ಪಿಗೆಯಾಗಿಲ್ಲ. ‘ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಜೊತೆ ಕೋಡ್ 43 ಬಂದರೆ ಡ್ರೈವರ್ ತಡಕುವುದು ಬಿಟ್ಟು ಕೇಬಲ್ ಮತ್ತು ಬೆಸುಗೆ ನೋಡಿ.

ಉತ್ತರ 3

ಉಬುಂಟು ಕಡೆ: ಸಿಎಚ್340 ಡ್ರೈವರ್ ಕರ್ನಲ್‌ನಲ್ಲೇ ಇದೆ, ಏನೂ ಹಾಕಬೇಕಿಲ್ಲ. ಆದರೆ 22.04ರಲ್ಲಿ ಬೋರ್ಡ್ ಚುಚ್ಚಿದ ಕ್ಷಣಕ್ಕೆ ಟಿಟಿವೈಯುಎಸ್‌ಬಿ0 ಎಂಬ ಪೋರ್ಟ್ ಬಂದು ತಕ್ಷಣ ಹೋಗಿಬಿಡುತ್ತದೆ. ಬ್ರೈಲ್ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಸೇವೆ, 1ಎ86 ಮತ್ತು 7523 ಐಡಿಯ ಒಂದು ಬ್ರೈಲ್ ಸಾಧನ ಇರುವುದರಿಂದ, ನಿಮ್ಮ ಬೋರ್ಡನ್ನೂ ಅದೇ ಎಂದು ಹಿಡಿದುಕೊಳ್ಳುತ್ತದೆ. ಡಿಮೆಸೇಜ್ (ಕರ್ನಲ್ ಸಂದೇಶಗಳು) ಓದಿದರೆ ಆ ಹೆಸರು ಕಾಣುತ್ತದೆ. ಬ್ರೈಲ್ ಪರದೆ ಬಳಸುವವರು ಆ ಯಂತ್ರದಲ್ಲಿ ಇಲ್ಲದಿದ್ದರೆ ಆ ಪ್ಯಾಕೇಜನ್ನು ಆಪ್ಟ್‌ನಿಂದ ತೆಗೆದುಬಿಡಿ. ಇದ್ದರೆ ತೆಗೆಯಬೇಡಿ. ಅದರ ಯುಡೆವ್ (ಸಾಧನ ಗುರುತಿಸುವ) ನಿಯಮಗಳ ಕಡತವನ್ನು ಅದೇ ಹೆಸರಿನಲ್ಲಿ ಇಟಿಸಿ ಅಡಿಯ ಯುಡೆವ್ ರೂಲ್ಸ್ ಫೋಲ್ಡರಿಗೆ ನಕಲಿಸಿ, ಈ ಐಡಿ ಇರುವ ಸಾಲಿನ ಮುಂದೆ ಮಾತ್ರ ಹ್ಯಾಶ್ ಹಾಕಿ.

ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಬಳಕೆದಾರರನ್ನು ಸೀರಿಯಲ್ ಪೋರ್ಟ್ ಬಳಸುವ ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಸೇರಿಸಿ ಲಾಗೌಟ್ ಆಗಿ ಬನ್ನಿ. ಐಡಿಇ 2ರ ಆ್ಯಪ್‌ಇಮೇಜ್ ಕಡತ ತೆರೆಯದಿದ್ದರೆ ಲಿಬ್‌ಫ್ಯೂಸ್2 ಪ್ಯಾಕೇಜ್ ಹಾಕಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. 3.8 ಪ್ಯಾಕೇಜ್ ತೆಗೆದು 3.5 ಹಾಕಿದ ಮೇಲೆ ಊನೊ ಸರಿಹೋಯಿತು, ಬೇರೆ ಕಿಂಡಿಯಲ್ಲೂ ಓಡುತ್ತಿದೆ. ನ್ಯಾನೊ ಮಾತ್ರ ‘ನಾಟ್ ಇನ್ ಸಿಂಕ್’ ಅನ್ನುತ್ತಿದೆ. ಅದರ ಡ್ರೈವರೂ ಬದಲಿಸಬೇಕೆ?

ಉತ್ತರ 2 ಬರೆದವರು

ಬೇಡ. ಆ ಎರರ್ ಬಂತೆಂದರೆ ಪೋರ್ಟ್ ತೆರೆದುಕೊಂಡಿದೆ, ಆಚೆಯಿಂದ ಸರಿಯಾದ ಉತ್ತರ ಬಂದಿಲ್ಲ ಅಷ್ಟೆ. ಐಡಿಇಯನ್ನೂ ಹೊಸದಾಗಿ ಹಾಕಿದ್ದರೆ ಪ್ರೊಸೆಸರ್ ಆಯ್ಕೆ ಮೊದಲಿನ ಸ್ಥಿತಿಗೆ ಹೋಗಿರುತ್ತದೆ. ಟೂಲ್ಸ್ ಮೆನುವಿನ ಪ್ರೊಸೆಸರ್‌ನಲ್ಲಿ ‘ಎಟಿಮೆಗಾ328ಪಿ, ಓಲ್ಡ್ ಬೂಟ್‌ಲೋಡರ್’ ಹಿಡಿಯಿರಿ. ಹಳೆಯ ಬೂಟ್‌ಲೋಡರ್ 57600ರಲ್ಲಿ ಮಾತಾಡುತ್ತದೆ, ಹೊಸದು 115200ರಲ್ಲಿ. ಅದಕ್ಕೂ ಬಗ್ಗದಿದ್ದರೆ 0 ಮತ್ತು 1ನೇ ಪಿನ್‌ಗೆ ಬ್ಲೂಟೂತ್ ಮಾಡ್ಯೂಲ್ ಅಥವಾ ಬೇರೇನಾದರೂ ಜೋಡಿಸಿದ್ದೀರಾ ನೋಡಿ, ಇದ್ದರೆ ಬಿಚ್ಚಿ ಅಪ್‌ಲೋಡ್ ಮಾಡಿ.