ವಿಮಾನ ನಿಲ್ದಾಣದ ಬ್ಯಾಗ್ ಸ್ಕ್ಯಾನರ್: ಪರದೆ ನೋಡಿ ಬ್ಯಾಗ್ ಪರೀಕ್ಷಿಸುವ ಸ್ಕ್ರೀನರ್ ಮೇಡಂ ಜೊತೆ ಪ್ರಶ್ನೋತ್ತರ

ಕಿಟಕಿ ಸೀಟು: ಮೇಡಂ, ಸ್ಕ್ಯಾನರ್ ದಾಟಿ ಬಂದ ಊಟ ತಿನ್ನಬಹುದಾ?

ಸ್ಕ್ರೀನರ್: ತಿನ್ನಬಹುದು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದಾ? ಎಕ್ಸ್‌ರೇಯೂ ಹಾಗೇ.

ಕೈಚೀಲ: ಅಮ್ಮನ ಬ್ಯಾಗನ್ನು ಎರಡು ಸಲ ಒಳಗೆ ಕಳಿಸಿ, ಕೊನೆಗೆ ಎಲ್ಲರೆದುರು ಬಿಚ್ಚಿಸಿದರು. ಇದ್ದದ್ದು ಚೀಸಿನ ದೊಡ್ಡ ತುಂಡು, ಅದರ ಮೇಲೆ ಚಾರ್ಜರ್ ಅಷ್ಟೇ. ಅಮ್ಮ ಅತ್ತೇಬಿಟ್ಟರು. ಚೀಸ್ ಬಾಂಬಿನ ಹಾಗೆ ಕಾಣುತ್ತದಾ?

ಸ್ಕ್ರೀನರ್: ಕಾಣುತ್ತದೆ. ಅಮ್ಮನಿಗೆ ಬೇಜಾರಾಗಿದ್ದು ಸಹಜ. ಆದರೆ ನಾನಿದ್ದಿದ್ದರೂ ಬಿಚ್ಚಿಸುತ್ತಿದ್ದೆ. ಯಂತ್ರಕ್ಕೆ ಬಾಂಬ್ ಅಂದರೆ ಏನಂತ ಗೊತ್ತಿಲ್ಲ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ, ಯಾವ ವಸ್ತು ಎಷ್ಟು ತಡೆಯಿತು ಅಂತ ಲೆಕ್ಕ ಹಾಕಿ ಬಣ್ಣ ಬಳಿಯುತ್ತದೆ. ಕಬ್ಬಿಣ, ತಾಮ್ರ ನೀಲಿ. ಅಲ್ಯೂಮಿನಿಯಂನಂಥ ಹಗುರ ಲೋಹ ಹಸಿರು. ಬಟ್ಟೆ, ಪುಸ್ತಕ, ಸೋಪು, ಚೀಸ್, ಪ್ಲಾಸ್ಟಿಕ್ ಸ್ಫೋಟಕ ಎಲ್ಲವೂ ಕಿತ್ತಳೆ, ಯಾಕಂದ್ರೆ ಎಲ್ಲದರಲ್ಲೂ ಇರುವುದು ಹೆಚ್ಚಾಗಿ ಕಾರ್ಬನ್, ಆಕ್ಸಿಜನ್, ನೈಟ್ರೋಜನ್ ಥರದ ಹಗುರ ಧಾತುಗಳೇ. ಈಗ ಪರದೆ ಮೇಲೆ ಒಂದು ಕಿತ್ತಳೆ ಮುದ್ದೆ, ಅದಕ್ಕೆ ತಾಗಿ ನೀಲಿ ತಂತಿ. ಎದೆ ಧಸಕ್ ಅನ್ನುತ್ತದೆ. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ ಚೂರಾದ ಪ್ಯಾನ್ ಆಮ್ 103 ವಿಮಾನದಲ್ಲಿ ಸ್ಫೋಟಕ ಇದ್ದದ್ದು ರೇಡಿಯೋ ಕ್ಯಾಸೆಟ್ ಪ್ಲೇಯರ್ ಒಳಗೆ. 270 ಜನ ಸತ್ತರು. ಸುತ್ತಲಿಂದಲೂ ಎಕ್ಸ್‌ರೇ ತೆಗೆಯುವ ಸಿ.ಟಿ. ಯಂತ್ರ ಇರುವಲ್ಲಿ ಅದು ಸಾಂದ್ರತೆಯನ್ನೂ ಅಳೆಯುತ್ತದೆ, ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಬಹುದು. ಆದರೂ ಚೀಸ್ ಕೆಲವೊಮ್ಮೆ ಕಾಡುತ್ತದೆ. ಮುಂದಿನ ಸಲ ಚಾರ್ಜರ್ ಬೇರೆ ಇಡಲು ಹೇಳಿ.

ಫಾರ್ವರ್ಡ್ ಅಣ್ಣ: ಕ್ಯಾಮೆರಾ ರೀಲನ್ನು ಅಡುಗೆಮನೆ ಫಾಯಿಲ್‌ನಲ್ಲಿ ಸುತ್ತಿದರೆ ಎಕ್ಸ್‌ರೇ ತಾಗಲ್ಲ. 10 ಜನರಿಗೆ ಕಳಿಸಿ 🙏

ಸ್ಕ್ರೀನರ್: ಒಬ್ಬರಿಗೂ ಕಳಿಸಬೇಡಿ. ಫಾಯಿಲ್ ಏನನ್ನೂ ತಡೆಯುವುದಿಲ್ಲ. ರೀಲನ್ನು ಚೆಕ್-ಇನ್ ಬ್ಯಾಗಿಗೆ ಹಾಕಲೇಬೇಡಿ, ಹಾಳಾಗುತ್ತದೆ. ಜೊತೆಗಿಟ್ಟುಕೊಂಡು, ಕೈಯಲ್ಲೇ ಪರೀಕ್ಷಿಸಿ ಅಂತ ಕೇಳಿ.

ಹೊಸಬ: ಈ ಕೆಲಸಕ್ಕೆ ಏನು ಓದಬೇಕು ಮೇಡಂ?

ಕಡೇ ಸಾಲು: ಎಲ್ಲ ನಾಟಕ. ಪರದೆ ಮುಂದೆ ಕೂತವರು ಆಕಳಿಸ್ತಾ ಇರ್ತಾರೆ.

ಕೈಚೀಲ: ನೀವು ಒಂದು ಗಂಟೆ ಕೂತು ನೋಡಿ, ಗೊತ್ತಾಗುತ್ತೆ.

ಕಡೇ ಸಾಲು: ನಿಮ್ಮಮ್ಮನ್ನ ಅಳಿಸಿದವರ ಪರ ನೀವೇ ವಕೀಲರಾ?

ಕೈಚೀಲ: ಅಮ್ಮನ ವಿಷಯ ಎತ್ತಬೇಡಿ.

ಸ್ಕ್ರೀನರ್: ಒಂದು ಗಂಟೆ ಕೂರಿಸುವುದಿಲ್ಲ, ಬಹಳ ಕಡೆ 20 ನಿಮಿಷಕ್ಕೇ ಎಬ್ಬಿಸುತ್ತಾರೆ. ನಡುನಡುವೆ ಯಂತ್ರವೇ ಸುಳ್ಳು ಬಾಂಬಿನ ಚಿತ್ರ ತೂರಿಸುತ್ತದೆ. ಹಿಡಿಯದಿದ್ದರೆ ನಮ್ಮ ಹೆಸರಲ್ಲಿ ದಾಖಲಾಗುತ್ತದೆ. ಆಕಳಿಸಲು ಪುರುಸೊತ್ತಿಲ್ಲ ಸಾರ್.

ಚಕ್ರದ ಪೆಟ್ಟಿಗೆ: ಸ್ಕ್ಯಾನ್ ಆದ ಊಟ ಮಗುವಿಗೆ ಕೊಡಬಹುದಾ?

ಸ್ಕ್ರೀನರ್: ಮೇಲೆ ಓದಿ.

ಫಾರ್ವರ್ಡ್ ಅಣ್ಣ: ಊಟಕ್ಕೂ ಫಾಯಿಲ್ ಸುತ್ತಿದರೆ ಒಳ್ಳೇದು ಅಲ್ವಾ?

ಸ್ಕ್ರೀನರ್: ಬಿಸಿ ಆರದಿರಲು ಸುತ್ತಿ. ಬೇರೆ ಯಾವುದಕ್ಕೂ ಅಲ್ಲ.

ಹೊಸಬ: ಮೇಡಂ, ನನ್ನ ಪ್ರಶ್ನೆ?

ಕಡೇ ಸಾಲು: ಆಕಳಿಸೋದು ಕಲಿತು ಬಾ ಮಾರಾಯ.