ದೇವರ ಭಕ್ತಿ ಇದ್ರೆ ಸ್ಟೂಡೆಂಟ್ಸ್ ಮನಸ್ಸು ನೆಮ್ಮದಿಯಾಗಿರುತ್ತಾ? ಪ್ರಾಜೆಕ್ಟ್‌ಗೆ ಹೆಲ್ಪ್ ಬೇಕು

ಘಟ್ಟದಹುಡುಗಿ:
ಶಂಕರಘಟ್ಟದಲ್ಲಿ ಪಿಜಿ ಲಾಸ್ಟ್ ಸೆಮ್. ದೇವರ ನಂಬಿಕೆಗೂ ಸ್ಟೂಡೆಂಟ್ಸ್ ನೆಮ್ಮದಿಗೂ ಏನ್ ಸಂಬಂಧ ಅಂತ ಪ್ರಾಜೆಕ್ಟ್. ಫಾರಂನಲ್ಲಿ ವಾರಕ್ಕೆ ಎಷ್ಟ್ ಸಲ ದೇವಸ್ಥಾನ, ಮಸೀದಿ, ಚರ್ಚಿಗೆ ಹೋಗ್ತೀರಾ ಅಂತ ಹಾಕಿದ್ದೆ, ರೂಮ್‌ಮೇಟ್ ನೋಡಿ ನಕ್ಕುಬಿಟ್ಲು, ಎಕ್ಸಾಮ್ ಟೈಮಲ್ಲಿ ಕೇಳಿದ್ರೆ ಎಲ್ಲಾರೂ ಭಕ್ತರೇ, ಜುಲೈ ಮಳೇಲಿ ಕೇಳು ಒಬ್ರೂ ಹಾಸ್ಟೆಲ್ ಬಿಟ್ಟು ಹೊರಗೆ ಬಂದಿರಲ್ಲ ಅಂತ. ಮತ್ತೆ ಎಂತ ಕೇಳೋದು?

ಹಳೇಸೀನಿಯರ್:
ಎಷ್ಟ್ ಸಲ ಅನ್ನೋದು ಬಿಡಿ, ಯಾಕೆ ಹೋಗ್ತೀರಾ ಅಂತ ಕೇಳಿ. ಆಲ್‌ಪೋರ್ಟ್ ಮತ್ತು ರಾಸ್ ಅನ್ನೋ ಮನಶ್ಶಾಸ್ತ್ರಜ್ಞರು 1967ರಲ್ಲೇ ಇದನ್ನ ವಿಂಗಡಿಸಿದ್ರು, ನಂಬಿಕೆನೇ ಬದುಕಾಗಿರೋರು ಒಂದ್ ಕಡೆ, ನಾಲ್ಕ್ ಜನ ನೋಡ್ಲಿ ಕೆಲಸ ಆಗ್ಲಿ ಅಂತ ಹೋಗೋರು ಇನ್ನೊಂದ್ ಕಡೆ. 2003ರಲ್ಲಿ ಸ್ಮಿತ್ ಮತ್ತೆ ಇಬ್ರು ಸೇರಿ 147 ಅಧ್ಯಯನ ಒಟ್ಟು ಹಾಕಿ ನೋಡಿದ್ರು, ಧಾರ್ಮಿಕತೆ ಜಾಸ್ತಿ ಇದ್ದಲ್ಲಿ ಡಿಪ್ರೆಶನ್ ಲಕ್ಷಣ ಕಮ್ಮಿ, ಆದ್ರೆ ಕೋರಿಲೇಶನ್ ಬರೀ -0.096, ಅಂದ್ರೆ ಎರಡರ ನಂಟು ತುಂಬಾ ಸಣ್ಣದು. ಎರಡನೇ ಥರದವರಲ್ಲಂತೂ ಉಲ್ಟಾ, ಲಕ್ಷಣ ಜಾಸ್ತಿನೇ.

ತೀರ್ಥಳ್ಳಿಅಕ್ಕ:
ನಮ್ಮನೆ ಕಥೆ ಕೇಳಿ. ತಮ್ಮಂಗೆ ಎರಡು ಸಬ್ಜೆಕ್ಟ್ ಬ್ಯಾಕ್ ಆಯ್ತು. ಅಮ್ಮ ಸಿಗಂದೂರಿಗೆ ಹರಕೆ ಹೊತ್ಕೊಂಡ್ಲು, ಅಲ್ಲಿಗೆ ಅವ್ಳಿಗೆ ಸಮಾಧಾನ. ಇವ್ನು ಮಾತ್ರ ಶನಿವಾರ ಮೊಟ್ಟೆ ತಿಂದಿದ್ದಕ್ಕೇ ಹಿಂಗಾಯ್ತು ದೇವ್ರು ತೋರಿಸ್ಬಿಟ್ಟ ಅಂತ ರಾತ್ರಿಯೆಲ್ಲ ಕೂತ್ಕೊಂಡಿರೋನು, ಊಟ ಬೇಡ, ಫೋನ್ ಬೇಡ. ಇಬ್ರದ್ದೂ ಅದೇ ದೇವರಕೋಣೆ ಮಾರಾಯ್ತಿ. ನಿನ್ ಫಾರಂನಲ್ಲಿ ಇಬ್ರಿಗೂ ಒಂದೇ ಮಾರ್ಕ್ಸ್ ಬೀಳುತ್ತೆ ಅಲ್ವಾ?

ಹಳೇಸೀನಿಯರ್:
ಅಕ್ಕ ಹೇಳಿದ್ದೇ ಪಾಯಿಂಟ್. ಪಾರ್ಗಮೆಂಟ್ ಅವ್ರ ಬ್ರೀಫ್ ಆರ್‌ಕೋಪ್ ಸ್ಕೇಲ್ ನೋಡಿ, ಕಷ್ಟ ಬಂದಾಗ ಜನ ದೇವರ ನಂಬಿಕೇಲಿ ಅದನ್ನ ಹೆಂಗೆ ಎದುರಿಸ್ತಾರೆ ಅಂತ ಅಳೆಯೋದು, 14 ಪ್ರಶ್ನೆ, 7 ದೇವ್ರು ಜೊತೆಗಿದಾನೆ ಅನ್ನೋ ಥರದ್ದು, 7 ದೇವ್ರು ಶಿಕ್ಷೆ ಕೊಟ್ಟ ಕೈಬಿಟ್ಟ ಅನ್ನೋ ಥರದ್ದು. ಎರಡರ ಸ್ಕೋರ್ ದಯವಿಟ್ಟು ಕೂಡಿಸ್ಬೇಡಿ. ಜೊತೆಗೆ ಗ್ರಹಚಾರ, ಕರ್ಮದ ಬಗ್ಗೆ ಬೇರೆ ಪ್ರಶ್ನೆ ಹಾಕಿ, ನಮ್ ಕಡೆ ದೇವ್ರನ್ನ ನೇರ ಬೈಯೋರು ಕಮ್ಮಿ, ಜಾತಕನ ಬೈತಾರೆ 😄
ಅಕ್ಕಾ, ತಮ್ಮ ಈಗ್ಲೂ ಹಂಗೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡ್ಸಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಸಾಗರದವ:
ನಾನು ದೇವ್ರನ್ನ ನಂಬಲ್ಲ, ಆದ್ರೂ ಗಣಪತಿ ಪೆಂಡಾಲ್ ಕಟ್ಟೋಕೆ ನಾನೇ ಮುಂದೆ, ಆ ವಾರ ಇರೋಷ್ಟು ಖುಷಿ ವರ್ಷದಲ್ಲಿ ಇನ್ಯಾವಾಗ್ಲೂ ಇರಲ್ಲ. ಅದು ಗಣಪತಿದಾ, ಹುಡುಗ್ರದ್ದಾ? ಅದನ್ನ ಹೆಂಗೆ ಬಿಡಿಸ್ತೀರಾ?

ತೀರ್ಥಳ್ಳಿಅಕ್ಕ:
ಈಗ ಪರ್ವಾಗಿಲ್ಲ, ಒಂದು ಸಬ್ಜೆಕ್ಟ್ ಕ್ಲಿಯರ್ ಆಯ್ತು. ನಂಬರ್ ಸೇವ್ ಮಾಡ್ಕೊಂಡೆ.

ಘಟ್ಟದಹುಡುಗಿ:
ಥ್ಯಾಂಕ್ಸ್ ಎಲ್ರಿಗೂ. ಹಬ್ಬಕ್ಕೆ ಯಾರ್ ಜೊತೆ ಸೇರ್ತೀರಾ, ಕಷ್ಟ ಬಂದ್ರೆ ಯಾರಿಗೆ ಫೋನ್ ಮಾಡ್ತೀರಾ ಅಂತ ಬೇರೆ ಭಾಗನೇ ಮಾಡ್ತೀನಿ, ಗೈಡ್ ಒಪ್ಪಿದ್ರೆ. ಸಾಗರದವ್ರೇ, ಫಾರಂ ಮೊದ್ಲು ನಿಮಗೇ ಕಳಿಸೋದು, ತುಂಬ್ದೆ ತಪ್ಪಿಸ್ಕೋಬೇಡಿ.